ಕಣಜದ ಗೋಡೆಯ ರೈತರು

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ರುಪನ್ಯುಪ್‌ನಿಂದ ಪ್ಯಾಚೆವೊಲಕ್‌ವರೆಗೆ ಸುಮಾರು 200 ಕಿಲೋಮೀಟರ್. ಆತುರವಿಲ್ಲದೆ ಕಾರು ಓಡಿಸಿದರೂ ಒಂದು ಹಗಲು ಸಾಕು. ಇಕ್ಕೆಲದಲ್ಲೂ ಗೋಧಿ ಹೊಲ, ನಡುನಡುವೆ ಪುಟ್ಟ ಊರು, ಬಹುತೇಕ ಊರುಗಳಲ್ಲಿ ಎತ್ತರದ ಕಾಂಕ್ರೀಟ್ ಕಣಜ.

2016ರ ಆರಂಭದಲ್ಲಿ ಬ್ರಿಮ್ ಊರಿನ ಹಳೆಯ ಕಣಜಗಳ ಮೇಲೆ ಕಲಾವಿದ ಗೈಡೊ ವ್ಯಾನ್ ಹೆಲ್ಟನ್ ನಾಲ್ವರು ರೈತರನ್ನು ಚಿತ್ರಿಸಿದರು. ಉಳಿದ ಊರುಗಳೂ ಅದೇ ಹಾದಿ ಹಿಡಿದವು. ಲ್ಯಾಸೆಲ್ಸ್‌ನಲ್ಲಿ ರೋನ್ ಎಂಬ ಕಲಾವಿದ ಬಣ್ಣಕ್ಕೆ ನೀರು ಬೆರೆಸಿ ಬಳಿದರು; ಹಾಗಾಗಿ ರೈತ ದಂಪತಿಯ ಮುಖಗಳು ಸಿಮೆಂಟಿನೊಳಗಿನಿಂದಲೇ ಮೂಡಿದಂತಿವೆ. ನನ್ನ ಮತ ಮಾತ್ರ ಶೀಪ್ ಹಿಲ್ಸ್‌ಗೆ. ಅಲ್ಲಿ ನಕ್ಷತ್ರ ತುಂಬಿದ ಆಕಾಶದ ಮುಂದೆ ಮೂಲನಿವಾಸಿ ಹಿರಿಯರೂ ಮಕ್ಕಳೂ ನಿಂತಿದ್ದಾರೆ. ಈ ನೆಲ ಮೊದಲು ಅವರದೇ ತಾನೆ!

ಹೋಗುವವರು ಪೆಟ್ರೋಲ್ ಮೊದಲೇ ತುಂಬಿಸಿಕೊಳ್ಳಿ, ಕತ್ತಲಾಗುವ ಮುನ್ನ ತಂಗುವ ಊರು ಸೇರಿ. ಮುಸ್ಸಂಜೆಗೆ ಕಾಂಗರೂಗಳು ರಸ್ತೆಗಿಳಿಯುತ್ತವೆ.