ಸೋಮಕ್ರಯವೂ ಪೇಟೆಯ ಕ್ರಯವೂ

ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವಸ್ತುವಿನ ಬೆಲೆಯನ್ನು ‘ಕ್ರಯ’ವೆನ್ನುವುದು ರೂಢಿ. ಕನ್ನಡ ನುಡಿವವರಂತೆ ತುಳು ನುಡಿವವರೂ ಹಾಗೆಯೇ ಕೇಳುತ್ತಾರೆ. ಸಂಸ್ಕೃತದಲ್ಲಾದರೋ ಕ್ರಯವೆಂದರೆ ಕೊಳ್ಳುವ ಕ್ರಿಯೆ. ಬೆಲೆಗೆ ಮೂಲ್ಯವೆಂಬ ಬೇರೆ ಶಬ್ದವುಂಟು. ಕ್ರಿಯೆಯ ಹೆಸರು ಬೆಲೆಗೆ ಬಂದುದನ್ನು ಲಕ್ಷಣಾವೃತ್ತಿಯೆಂದು ಹೇಳಿ ಸಮಾಧಾನಪಡಬಹುದು. ಆದರೆ ಇದರಲ್ಲಿ ಒಂದು ಲೋಕಾನುಭವವೂ ಅಡಗಿರುವಂತೆ ನನಗೆ ತೋರುತ್ತದೆ. ಕೊಳ್ಳುವವನೂ ಮಾರುವವನೂ ಮಾತಾಡಿ ಮುಗಿಸುವ ತನಕ ಬೆಲೆಯೆಂಬುದು ಹುಟ್ಟಿಯೇ ಇರುವುದಿಲ್ಲ.

ಈ ಮಾತಾಟವನ್ನು ಚೌಕಾಸಿಯೆಂದು ಹೀಗಳೆದು, ಸಾಹಿತ್ಯವಿಚಾರಕ್ಕೆ ಅದು ತಕ್ಕ ವಸ್ತುವಲ್ಲವೆಂದು ದೂರವಿಡುವವರುಂಟು. ಅಂಥವರು ಶತಪಥಬ್ರಾಹ್ಮಣದ ಮೂರನೆಯ ಕಾಂಡದಲ್ಲಿರುವ ಸೋಮಕ್ರಯದ ಪ್ರಕರಣವನ್ನೊಮ್ಮೆ ಓದಬೇಕು. ಯಾಗಕ್ಕೆ ಬೇಕಾದ ಸೋಮವನ್ನು ಅಧ್ವರ್ಯುವು ಹಸುವನ್ನು ಕೊಟ್ಟು ಕೊಳ್ಳುತ್ತಾನೆ. ಆದರೆ ಹಸುವನ್ನು ಒಮ್ಮೆಗೇ ಕೊಟ್ಟುಬಿಡುವುದಿಲ್ಲ. ಸೋಮವು ಮಾರಾಟಕ್ಕುಂಟೇ ಎಂದು ವಿಚಾರಿಸಿ, ಉಂಟೆಂದ ಮೇಲೆ, ಹಸುವಿನ 16ರಲ್ಲಿ ಒಂದು ಪಾಲಿಗೆ ಕೇಳುತ್ತಾನೆ. ಸೋಮರಾಜನ ಬೆಲೆ ಅದಕ್ಕಿಂತ ಹೆಚ್ಚೆಂದು ಉತ್ತರ ಬರುತ್ತದೆ. ಬಳಿಕ 8ರಲ್ಲಿ ಒಂದು ಪಾಲು, ಕಾಲು ಪಾಲು, ಅರ್ಧ. ಕಡೆಗೆ ಇಡಿಯ ಹಸು. ನಾಲ್ಕು ಸಲವೂ ನಿರಾಕರಣೆಯ ಮಾತು ಒಂದೇ. ಅಷ್ಟು ಕಡಮೆ ಮಾತಿನಲ್ಲಿ ಇಬ್ಬರ ಸ್ವಭಾವವೂ ಕಣ್ಣಿಗೆ ಕಟ್ಟುತ್ತದೆ.

ಇದರಲ್ಲಿ ನಾನು ಬಹುವಾಗಿ ಮೆಚ್ಚುವ ಅಂಶ ಇನ್ನೊಂದಿದೆ. ಮಾರುವವನು ತನ್ನ ಸರಕನ್ನು ಹೊಗಳಿದಾಗ ಅಧ್ವರ್ಯುವು ಅದನ್ನು ಅಲ್ಲಗಳೆಯುವುದಿಲ್ಲ. ಸೋಮನು ಅದಕ್ಕಿಂತ ಹೆಚ್ಚಿನವನೆಂಬುದು ನಿಜವೆಂದು ಒಪ್ಪಿ, ಹಸುವಿನ ಮಹಿಮೆಯೂ ಸಣ್ಣದಲ್ಲವೆಂದು ಹೇಳಿ, ಅದರಿಂದ ದೊರೆಯುವ ಹಾಲು, ಕೆನೆ, ಮೊಸರು, ಬೆಣ್ಣೆ, ತುಪ್ಪ ಮೊದಲಾದ 10 ಪದಾರ್ಥಗಳನ್ನು ಎಣಿಸುತ್ತಾನೆ. ಪರರ ಸರಕನ್ನು ತೆಗಳದೆ ತನ್ನ ಧನವನ್ನು ಹೊಗಳುವ ಚೌಕಾಸಿಯಿದು. ನಮ್ಮದು ಇದಕ್ಕೆ ತೀರ ವಿಪರೀತ. ಬಸಳೆಯ ಕಟ್ಟನ್ನೆತ್ತಿ ಬಾಡಿದೆಯೆನ್ನುತ್ತೇವೆ, ಬಾಳೆಗೊನೆ ಎಳತೆನ್ನುತ್ತೇವೆ, ಅಡಿಕೆಯ ವ್ಯಾಪಾರಿಯು ರಾಶಿಯಲ್ಲಿ ಕೈಯಾಡಿಸಿ ಒಂದೆರಡು ಕರಿಗೋಟನ್ನೇ ಹೆಕ್ಕಿ ತೋರಿಸುತ್ತಾನೆ.

ಆದರೆ ಸೋಮಕ್ರಯದ ಕೊನೆಯನ್ನು ನಾನು ಒಪ್ಪಲಾರೆ. ಹಸುವಿನೊಡನೆ ಕೊಟ್ಟ ಚಿನ್ನವನ್ನು ಮರಳಿ ಕಸಿದು, ಮಾರಿದವನನ್ನು ಹೊಡೆದಟ್ಟುವ ವಿಧಿಯು ಶ್ರೌತಸೂತ್ರಗಳಲ್ಲಿ ಬರುತ್ತದೆ. ಮನುವೂ ಸೋಮ ಮಾರುವವನನ್ನು ಶ್ರಾದ್ಧದ ಪಂಕ್ತಿಯಿಂದ ಹೊರಗಿಟ್ಟಿದ್ದಾನೆ. ಕೊಂಡವನಿಗೆ ಸ್ವರ್ಗ, ಮಾರಿದವನಿಗೆ ಏಟು! ಪಾಠಶಾಲೆಯಲ್ಲಿ ಇದನ್ನು ಓದಿದಾಗ ನಾವೆಲ್ಲರೂ ನಕ್ಕಿದ್ದೆವು, ಗುರುಗಳೂ ನಕ್ಕಿದ್ದರು. ಈಗ ನಗೆ ಬರುವುದಿಲ್ಲ.

ಇದರೊಡನೆ ಇನ್ನೊಂದು ಮಾರಾಟವನ್ನಿಟ್ಟು ನೋಡೋಣ. ರಾಘವಾಂಕನ ಕಾವ್ಯದಿಂದ ಕನ್ನಡಿಗರಿಗೆ ಚಿರಪರಿಚಿತವಾದ ಹರಿಶ್ಚಂದ್ರನ ಕಥೆಯು ಮಾರ್ಕಂಡೇಯಪುರಾಣದಲ್ಲಿಯೂ ಇದೆ. ಅಲ್ಲಿ ರಾಣಿಯನ್ನು ಕೊಳ್ಳಬಂದ ವೃದ್ಧಬ್ರಾಹ್ಮಣನು ಅವಳ ವಯಸ್ಸು, ರೂಪ, ಶೀಲಗಳಿಗೆ ತಕ್ಕ ಧನವಿದೆಂದು ತಾನೇ ನಿರ್ಣಯಿಸುತ್ತಾನೆ. ದುಃಖದಿಂದ ಎದೆಯೊಡೆದ ರಾಜನು ಏನೊಂದನ್ನೂ ನುಡಿಯುವುದಿಲ್ಲ. ಬ್ರಾಹ್ಮಣನು ಹಣವನ್ನು ರಾಜನ ವಲ್ಕಲದ ಸೆರಗಿಗೆ ಕಟ್ಟಿ, ರಾಣಿಯನ್ನು ಮುಡಿ ಹಿಡಿದೆಳೆದೊಯ್ಯುತ್ತಾನೆ. ಪುರಾಣಕಾರನು ಇಲ್ಲಿ ವಿಲಾಪದ ಮಾತುಗಳನ್ನು ತುಂಬದೆ ರಾಜನನ್ನು ಸುಮ್ಮನಿರಿಸಿದ್ದು ಉತ್ತಮಕವಿಯ ಲಕ್ಷಣ. ಋಣದಲ್ಲಿ ಮುಳುಗಿದವನಿಗೆ ‘ಇಷ್ಟು ಸಾಲದು’ ಎನ್ನುವ ಬಲವೆಲ್ಲಿಯದು? ಸೋಮ ಮಾರುವವನಿಗೆ, ಏಟು ಬೀಳುವ ಮುಂಚೆಯಾದರೂ, ಆ ಬಲ ನಾಲ್ಕು ಸಲ ಇತ್ತು. ಒಲ್ಲೆನೆನ್ನಬಲ್ಲ ಇಬ್ಬರಿದ್ದಾಗಲೇ ಚೌಕಾಸಿ ವಿನೋದವಾದೀತು.

ನಮ್ಮ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯು ಸ್ಥಾಪನೆಯಾದ ಮೇಲೆ, ಕ್ರಯ ಒಪ್ಪಿಗೆಯಾಗದಿದ್ದರೆ ಚೀಲವನ್ನು ಅತ್ತ ಒಯ್ಯುತ್ತೇನೆನ್ನುವ ಒಂದು ದಾರಿ ಅವರಿಗೆ ತೆರೆಯಿತು. ಅದೇ ಬೆಳೆಗಾರರು, ನಾನೂ ಅವರಲ್ಲೊಬ್ಬನು, ಅಂಗಡಿಗೆ ಹೋದಾಗ ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಯನ್ನು ತುಟಿ ಎರಡು ಮಾಡದೆ ತೆತ್ತು ಬರುತ್ತೇವೆ. ಅದು ವ್ಯಾಪಾರಿ ಮೀರಬಾರದ ಮೇರೆಯೇ ಹೊರತು ನಾವು ಕೊಡಲೇಬೇಕಾದ ಕ್ರಯವಲ್ಲವೆಂಬುದು ಆಗ ನೆನಪಾಗುವುದಿಲ್ಲ. ನಮ್ಮ ವಾಗ್ವೈಭವವೆಲ್ಲ ಮಾರ್ಗದ ಬದಿಯ ಬುಟ್ಟಿಯ ಮುಂದೆ.

ಜಾಲ್ಸೂರಿನಲ್ಲಿ ಮಂಗಳೂರು ಮಡಿಕೇರಿ ಹೆದ್ದಾರಿಯಿಂದ ಕಾಸರಗೋಡಿನ ಮಾರ್ಗ ಕವಲೊಡೆಯುವಲ್ಲಿ, ಕಳೆದ ಮಳೆಗಾಲದ ಒಂದು ಸಂಜೆ, ಬಸಳೆ ಮಾರುತ್ತಿದ್ದ ವೃದ್ಧೆಯೊಬ್ಬಳೊಡನೆ ನಾನೂ ಹೀಗೆಯೇ ವಾದಿಸಿದೆನು. ಎರಡು ಕಟ್ಟಿನ ಕ್ರಯವನ್ನಿಳಿಸಿದ್ದು ಸಾಲದೆಂದು ಕೊಸರಿಗೊಂದು ಹಿಡಿ ಹೆಚ್ಚು ಕೇಳಿದೆನು. ‘ಬಸ್ಸಿಗೆ ಹೊತ್ತಾಯ್ತು ಮಾಸ್ಟ್ರೇ’ ಎಂದಷ್ಟೇ ನುಡಿದು, ಉಳಿದಿದ್ದ ಕಟ್ಟನ್ನೂ ನನ್ನ ಚೀಲದೊಳಗಿಟ್ಟು, ಆಕೆ ಖಾಲಿ ಬುಟ್ಟಿಯನ್ನು ತಲೆಯ ಮೇಲೆ ಕವುಚಿಕೊಂಡು ಮಳೆಯಲ್ಲಿ ಹೊರಟಳು.