‘ಐ7’ ಎಂಬ ಚೀಟಿಯನ್ನಷ್ಟೇ ನಂಬಬೇಡಿ

ರೀಫರ್ಬಿಶ್ಡ್ ಲ್ಯಾಪ್‌ಟಾಪ್ ಎಂದರೆ ಒಮ್ಮೆ ಬಳಸಿದ್ದನ್ನು ಸರಿಪಡಿಸಿ ಮತ್ತೆ ಮಾರಾಟಕ್ಕಿಟ್ಟದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಅಂತರಜಾಲದಲ್ಲಾಗಲಿ ಇಂಥದ್ದನ್ನು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ‘ಐ5’, ‘ಐ7’ ಎಂಬ ಚೀಟಿ. ಐದಕ್ಕಿಂತ ಏಳು ದೊಡ್ಡದು, ಆದ್ದರಿಂದ ಐ7 ಮೇಲು ಎಂಬ ಲೆಕ್ಕ ಸರಿಯೆ? ಲಿನಕ್ಸ್ ಬಳಸುವವರು ಹೆಚ್ಚಾಗಿ ಮೆಚ್ಚುವ ಲೆನೊವೊ ಕಂಪನಿಯ ಎರಡು ಯಂತ್ರಗಳನ್ನೇ ಪರೀಕ್ಷಿಸೋಣ.

ಥಿಂಕ್‌ಪ್ಯಾಡ್ ಟಿ470 ಬಂದದ್ದು 2017ರಲ್ಲಿ, ಟಿ480 ಬಂದದ್ದು 2018ರಲ್ಲಿ. ಹೊರನೋಟಕ್ಕೆ ಎರಡೂ ಅವಳಿಗಳಂತಿವೆ. ಟಿ470ರಲ್ಲಿ ಸಿಗುವ ಐ7-7500ಯು ಸಂಸ್ಕಾರಕದಲ್ಲಿ ಇರುವುದು 2 ಕೋರ್. ಟಿ480ರ ಐ5-8250ಯು ಸಂಸ್ಕಾರಕದಲ್ಲಿ 4 ಕೋರ್. ಇಬ್ಬರ ವಿದ್ಯುತ್ ಮಿತಿಯೂ 15 ವಾಟ್. ಅಂದರೆ ಇಲ್ಲಿ ‘ಐ5’ ಎಂಬುದೇ ‘ಐ7’ಅನ್ನು ಹಿಂದೆ ಹಾಕುತ್ತದೆ. ನೀವು ನೋಡಬೇಕಾದದ್ದು ಅಡ್ಡಗೆರೆಯ ನಂತರದ ಅಂಕಿ. 7 ಎಂದರೆ ಏಳನೆಯ ತಲೆಮಾರು, 8 ಎಂದರೆ ಎಂಟನೆಯದು.

ಹಾಗಾದರೆ ಟಿ470 ಬೇಡವೆ? ಇಲ್ಲೊಂದು ಸ್ವಾರಸ್ಯವಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಒಪ್ಪುವ ಇಂಟೆಲ್ ಸಂಸ್ಕಾರಕಗಳ ಪಟ್ಟಿ ಬಹುಮಟ್ಟಿಗೆ ಎಂಟನೆಯ ತಲೆಮಾರಿನಿಂದ ಆರಂಭವಾಗುತ್ತದೆ. ಟಿ470 ಕೆಟ್ಟಿಲ್ಲ, ಪಟ್ಟಿಯಿಂದ ಹೊರಬಿದ್ದಿದೆ, ಅಷ್ಟೆ. ಲಿನಕ್ಸ್‌ಗೆ ಈ ಪಟ್ಟಿಯ ಹಂಗಿಲ್ಲ. ಲಿಬ್ರೆ ಆಫೀಸ್‌ನಲ್ಲಿ ಪ್ರಶ್ನೆಪತ್ರಿಕೆ ಸಿದ್ಧಪಡಿಸುವ, ಸ್ಟೆಲೇರಿಯಮ್‌ನಲ್ಲಿ ಆಕಾಶ ತೋರಿಸುವ, ಜಿಯೋಜಿಬ್ರಾದಲ್ಲಿ ತ್ರಿಭುಜ ಎಳೆಯುವ ಶಿಕ್ಷಕರಿಗೆ ಅದು ಧಾರಾಳವಾಗಿ ಸಾಕು. ದೊಡ್ಡ ಪ್ರೋಗ್ರಾಮ್‌ಗಳನ್ನು ಕಂಪೈಲ್ ಮಾಡುವ, ಸಿಮ್ಯುಲೇಶನ್ ನಡೆಸುವ ವಿದ್ಯಾರ್ಥಿಗಳು ಟಿ480ಕ್ಕೆ ಹೆಚ್ಚಿನ ಬೆಲೆ ಕೊಡುವುದರಲ್ಲಿ ಅರ್ಥವಿದೆ.

ಗುಣ, ದೋಷ

ಎರಡರಲ್ಲೂ ರ್‍ಯಾಮ್‌ಗೆ ಎರಡು ಸ್ಲಾಟ್‌ಗಳಿವೆ. ಈಗ 8 ಜಿಬಿ ಇದ್ದರೆ ಮುಂದೆ 16 ಮಾಡಬಹುದು. ಹೊರಗಿನಿಂದಲೇ ಕಳಚಬಹುದಾದ ಬ್ಯಾಟರಿಯೂ ಇದೆ. ಇವುಗಳಿಗಿಂತ ತೆಳ್ಳಗಿರುವ ಎಕ್ಸ್1 ಕಾರ್ಬನ್ ನೋಡಲು ಚೆಂದ, ಆದರೆ ಅದರ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಅದರಲ್ಲಿ 8 ಜಿಬಿ ಎಂದರೆ ಕೊನೆಯವರೆಗೂ 8 ಜಿಬಿಯೇ.

ಹೊಗಳಿಕೆಯಲ್ಲಿ ಮರೆಯಾಗುವ ದೋಷಗಳೂ ಇವೆ. ಈ ಮಾದರಿಗಳಲ್ಲಿ ಕೆಲವಕ್ಕೆ 1366×768 ಚುಕ್ಕೆಗಳ ಮಂಕು ಪರದೆಯಿದೆ. ಕನ್ನಡದ ಒತ್ತಕ್ಷರಗಳನ್ನು ದಿನವಿಡೀ ಓದುವ ಕಣ್ಣಿಗೆ 1920×1080ರ ಪರದೆಯೇ ಹಿತ. ಟಿ480ರ ಬೆರಳಚ್ಚು ಸಂವೇದಕ ಲಿನಕ್ಸ್‌ನಲ್ಲಿ ನೇರವಾಗಿ ಕೆಲಸ ಮಾಡುವುದಿಲ್ಲ. ಈ ಸಾಲಿನ ಯಂತ್ರಗಳಲ್ಲಿ ಥಂಡರ್‌ಬೋಲ್ಟ್‌ನ ಹಳೆಯ ಫರ್ಮ್‌ವೇರ್‌ನಿಂದ ಯುಎಸ್‌ಬಿ-ಸಿ ಕಿಂಡಿ ಕೈಕೊಡುವ ಸಾಧ್ಯತೆಯಿತ್ತು. ಲೆನೊವೊ ಪರಿಹಾರ ಬಿಡುಗಡೆ ಮಾಡಿದೆ. ಅದನ್ನು ಅಳವಡಿಸಿದ್ದಾರೆಯೇ ಎಂದು ವಿಚಾರಿಸಿ. ಆ ಕಿಂಡಿಯಿಂದ ಚಾರ್ಜ್ ಆಗುವುದನ್ನು ಕಣ್ಣಾರೆ ನೋಡಿ.

ಹಣ ಕೊಡುವ ಮುನ್ನ

ಲಿನಕ್ಸ್ ಮಿಂಟ್ ತುಂಬಿದ ಪೆನ್‌ಡ್ರೈವ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಡಿಸ್ಕನ್ನು ಮುಟ್ಟದೆಯೇ ಅದರಿಂದ ಯಂತ್ರವನ್ನು ಚಾಲೂ ಮಾಡಬಹುದು. ವೈಫೈ, ಧ್ವನಿ, ಕ್ಯಾಮೆರಾ, ಪ್ರತಿಯೊಂದು ಕೀಲಿ, ಎಲ್ಲವನ್ನೂ ಪರೀಕ್ಷಿಸಿ. ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ನಿದ್ರೆಯಿಂದ ಏಳುತ್ತದೆಯೇ ನೋಡಿ. ಬ್ಯಾಟರಿಯ ವಿವರದಲ್ಲಿ ಎರಡು ಸಂಖ್ಯೆಗಳಿರುತ್ತವೆ: ಹೊಸದಿದ್ದಾಗಿನ ಸಾಮರ್ಥ್ಯ ಮತ್ತು ಈಗಿನ ಸಾಮರ್ಥ್ಯ. 24 ವಾಟ್-ಅವರ್ ಇದ್ದದ್ದು 12ಕ್ಕೆ ಇಳಿದಿದ್ದರೆ ಅರ್ಧ ಆಯಸ್ಸು ಮುಗಿದಂತೆ. ಹೊಸ ಬ್ಯಾಟರಿಯ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ. ಬಯೋಸ್ ಒಳಹೋಗಲು ಗುಪ್ತಪದ ಕೇಳಿದರೆ, ಅದನ್ನು ಅಂಗಡಿಯವರೇ ತೆಗೆದುಕೊಡಬೇಕು. ಆಗದಿದ್ದರೆ ಆ ಯಂತ್ರ ಎಷ್ಟೇ ಅಗ್ಗವಾದರೂ ಬೇಡ.

ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್‌ಗಳಿಗೂ ಇದೇ ಒರೆಗಲ್ಲು: ತಲೆಮಾರು, ರ್‍ಯಾಮ್ ಸ್ಲಾಟ್, ಪರದೆ, ಬ್ಯಾಟರಿ. ಚೀಟಿಯ ಮೇಲಿನ ‘ಐ7’ ಇವೆಲ್ಲವುಗಳ ನಂತರ ನೋಡುವಂಥದ್ದು. ಶಾಲೆಗೆ ಒಂದೇ ಲ್ಯಾಪ್‌ಟಾಪ್ ಕೊಳ್ಳುವಷ್ಟು ಹಣ ಇರುವಾಗ ಈ ಕ್ರಮ ತಪ್ಪಿದರೆ ಅದರ ಬೆಲೆ ತೆರುವವರು ಮಕ್ಕಳು.