ನೆಗಡಿಯ ಔಷಧಿ ಮತ್ತು ಕಾರ್ಡಿನಲ್ಲನ ಭಾಷಣ

ಶೇಕ್ಸ್‌ಪಿಯರನ ಕಾಲದ ನಾಟಕಗಳಲ್ಲಿ ಅಗಲಿಕೆಯ ಮಾತು ಬಲ್ಲವನು ಶೇಕ್ಸ್‌ಪಿಯರ್ ಒಬ್ಬನೇ, ಉಳಿದವರದು ಬರೀ ರಕ್ತ ಮತ್ತು ಆರ್ಭಟ. ಮೇಷ್ಟ್ರಿಂದ ಶಿಷ್ಯನಿಗೆ, ಆ ಶಿಷ್ಯ ಮೇಷ್ಟ್ರಾದಾಗ ಅವನ ಶಿಷ್ಯರಿಗೆ, ಈ ತೀರ್ಪು ದಾಟುತ್ತಲೇ ಇದೆ. ಸಾಕ್ಷಿಗೆ ಬಂದು ನಿಲ್ಲುವವನು ‘ಎಂಟನೇ ಹೆನ್ರಿ’ಯ ಕಾರ್ಡಿನಲ್ ವುಲ್ಸಿ. ಪದವಿ ಹೋದಮೇಲೆ ಅವನು ತನ್ನ ವೈಭವಕ್ಕೆ ಹೇಳುವ ವಿದಾಯ ಭಾಷಣಸ್ಪರ್ಧೆಗೆಂದೇ ಬರೆದಂತಿದೆ. ತಮಾಷೆಯೆಂದರೆ, ಆ ಭಾಗ ಶೇಕ್ಸ್‌ಪಿಯರನದಲ್ಲ, ಜೊತೆಗಾರ ಫ್ಲೆಚರನದು ಎಂದೇ ಹೆಚ್ಚಿನ ವಿದ್ವಾಂಸರ ಮತ. 1613ರ ಜೂನ್ 29ರಂದು ಇದೇ ನಾಟಕದ ನಡುವೆ ಫಿರಂಗಿಯ ಕಿಡಿ ಹುಲ್ಲಿನ ಚಾವಣಿಗೆ ತಗುಲಿ ಗ್ಲೋಬ್ ರಂಗಮಂದಿರ ಸುಟ್ಟುಹೋಯಿತು. ಬೆಂಕಿ ಹತ್ತಿದ್ದು ವುಲ್ಸಿಯ ಮನೆಯ ಔತಣದ ಹೊತ್ತಿಗೆ. ಅಂದಿನ ಪ್ರೇಕ್ಷಕರು ಭಾಷಣದಿಂದಲೂ ಪಾರಾದರು.

ನಾನು ಅದೇ ಕಾಲದ ಇನ್ನೊಬ್ಬ ನಾಟಕಕಾರ ವೆಬ್‌ಸ್ಟರನ ಕಡೆಯವನು. ಬರ್ನಾರ್ಡ್ ಶಾ ಅವನನ್ನು ಟುಸಾಡ್ ಮೇಣದ ಬೊಂಬೆಗಳ ಆಸ್ಥಾನಕವಿಯೆಂದು ಗೇಲಿ ಮಾಡಿದ. ಅವನ ‘ಡಚೆಸ್ ಆಫ್ ಮಾಲ್ಫಿ’ಯಲ್ಲಿ ಮೇಣದ ಬೊಂಬೆಗಳಿರುವುದೇನೋ ನಿಜ. ಗಂಡನೂ ಮಕ್ಕಳೂ ಸತ್ತರೆಂದು ಡಚೆಸ್ಸಳನ್ನು ನಂಬಿಸಲು ಅವಳಿ ಸೋದರ ಫರ್ಡಿನೆಂಡ್ ಅವನ್ನು ತೋರಿಸುತ್ತಾನೆ. ಆಮೇಲೆ ಕೊಲೆಗಾರರು ಹಗ್ಗ ಹಿಡಿದು ನಿಂತಿರುವಾಗ ಆಕೆ ದಾಸಿ ಕ್ಯಾರಿಯೋಲಳಿಗೆ ಹೇಳುವುದೇನು? ಮಗನಿಗೆ ನೆಗಡಿಯಾಗಿದೆ, ಔಷಧಿ ಕುಡಿಸು. ಮಗಳು ಪ್ರಾರ್ಥನೆ ಹೇಳದೆ ಮಲಗದಿರಲಿ. ಅಷ್ಟೇ. ಮಕ್ಕಳು ಸತ್ತರೆಂದು ನಂಬಿದವಳು ಹೀಗೆ ಹೇಳುವುದು ಹೇಗೆ, ಇದು ನಾಟಕಕಾರನ ಮರೆವು ಎಂದು ಜಾಣರು ಬಹಳ ಕಾಲದಿಂದ ಗೊಣಗುತ್ತಿದ್ದಾರೆ. ಮರೆವೇ ಆಗಿರಲಿ, ನನಗದು ಬೇಕು. ತಾಯಿಯ ನಾಲಗೆಗೆ ಕಥೆಯ ಲೆಕ್ಕಾಚಾರ ಯಾಕೆ ಕಟ್ಟಬೇಕು? ಸಾವಿನ ಎದುರಿಗೂ ಅವಳಿಗೆ ಸಂಜೆಯ ಮನೆಗೆಲಸ ಬಾಕಿಯಿದೆ.

ಇದಕ್ಕೆ ಮೊದಲು ಅವಳು ಗಂಡ ಅಂಟೋನಿಯೊನನ್ನು ಬೀಳ್ಕೊಡುತ್ತಾಳೆ. ಹಿರಿಯ ಮಗನನ್ನು ಕರೆದುಕೊಂಡು ಅವನು ಮಿಲಾನಿಗೆ ಹೊರಡಬೇಕು, ಚಿಕ್ಕವರು ಅವಳ ಬಳಿ. ಮತ್ತೆ ಅವರು ಕೂಡುವುದಿಲ್ಲ. ಆದರೆ ಐದನೇ ಅಂಕದಲ್ಲಿ, ಹಾಳುಬಿದ್ದ ಮಠದ ಗೋಡೆಗಳ ನಡುವೆ, ಅಂಟೋನಿಯೊನ ಮಾತಿನ ತುದಿಗಳನ್ನೇ ಹಿಡಿದು ಪ್ರತಿಧ್ವನಿಯೊಂದು ಮರಳಿ ಬರುತ್ತದೆ, ಹೆಂಡತಿಯ ದನಿಯಂತೆಯೇ. ಅವಳು ಸತ್ತದ್ದು ಅವನಿಗಿನ್ನೂ ಗೊತ್ತಿಲ್ಲ, ನಮಗೆ ಗೊತ್ತು. ತನ್ನ ವಿದಾಯವನ್ನು ತಾನೇ ಆಡಿ, ತಾನೇ ಕೇಳಿಸಿಕೊಂಡರೂ ಅರ್ಥವಾಗದೆ ನಿಂತ ಇಂಥ ಗಂಡ ಶೇಕ್ಸ್‌ಪಿಯರನಲ್ಲಿ ಎಲ್ಲಿದ್ದಾನೆ, ತೋರಿಸಿ.

ಯುದ್ಧಕ್ಕೆ ವಿದಾಯ ಹೇಳುವ ಒಥೆಲೊನನ್ನು ತೋರಿಸುತ್ತೀರಿ, ಗೊತ್ತು. ಕುದುರೆ, ತುತ್ತೂರಿ, ಬಾವುಟಗಳ ಆ ಮಾತು ಭವ್ಯವೇ. ಆದರೆ ಕೇಳಿಸಿಕೊಳ್ಳುವವನು ಇಯಾಗೊ. ನಿಜವಾಗಿ ಅಗಲಬೇಕಾದವಳು ಅಲ್ಲಿಲ್ಲ. ಭವ್ಯತೆಗೂ ಕಾರಣವಿತ್ತೆನ್ನಿ. ಹಗಲು ಬೆಳಕಿನ ತೆರೆದ ರಂಗ, ಎಳೆಯಲು ಮುಂಪರದೆಯಿಲ್ಲ, ಆರಿಸಲು ದೀಪವಿಲ್ಲ. ನಟ ನಿರ್ಗಮಿಸಬೇಕೆಂದರೆ ಮಾತೇ ಅವನನ್ನು ಬಾಗಿಲಿನವರೆಗೆ ನಡೆಸಬೇಕು. ಅಗತ್ಯದಿಂದ ಹುಟ್ಟಿದ ಈ ಪದ್ಧತಿಯನ್ನು ವಿಮರ್ಶಕರು ರುಚಿಯ ಅಳತೆಗೋಲು ಮಾಡಿಕೊಂಡರು.

ಆ ಅಳತೆಗೋಲು ನಮಗೂ ಸಲೀಸಾಗಿ ಒಗ್ಗಿತು. ಕಂಪನಿ ನಾಟಕದಲ್ಲಿ ಸತ್ತು ಬಿದ್ದವನನ್ನು ‘ವನ್ಸ್ ಮೋರ್’ ಎಂದು ಎಬ್ಬಿಸಿ ಮತ್ತೆ ಹಾಡಿಸಿದ ಪ್ರೇಕ್ಷಕರು ನಾವು. ಅದರ ಬಗ್ಗೆ ನನಗೆ ತಕರಾರಿಲ್ಲ, ಅಲ್ಲಿ ಸಂತೋಷವಾದರೂ ಇತ್ತು. ತಕರಾರಿರುವುದು ಗಟ್ಟಿ ಗಂಟಲನ್ನೇ ಗಾಂಭೀರ್ಯವೆಂದು ಅಂಕ ಹಾಕುವ ಸುಶಿಕ್ಷಿತರ ಬಗ್ಗೆ. ತಮ್ಮ ನಿವೃತ್ತಿಯ ಬೀಳ್ಕೊಡುಗೆ ಸಮಾರಂಭದಲ್ಲಿ ತಾವೇ ಮುಕ್ಕಾಲು ಗಂಟೆ ಮಾತಾಡುವವರಿಗೆ ವುಲ್ಸಿಯಲ್ಲದೆ ಇನ್ಯಾರು ಹಿಡಿಸಿಯಾರು?